ಎಲ್ಲರ ಹಿಂದೆ

ಪ್ರಣಿತಾ ನೀಲಿ ಬಟ್ಟೆಪಟ್ಟಿಗಳಿಂದ ಹುಲ್ಲಿನ ಮುಳ್ಳು ಕೀಳುತ್ತಿದ್ದಳು. ಗೇಣುದ್ದದ ಪಟ್ಟಿಗಳು ಮಡಿಲಲ್ಲಿ ರಾಶಿಯಾಗಿದ್ದವು. ಒಂದೊಂದನ್ನೂ ಉಗುರಿನಿಂದ ಹಸನು ಮಾಡಿ, ತೊಡೆಯ ಮೇಲೆಳೆದು ಸಪಾಟಾಗಿಸಿ, ಸುರುಳಿ ಸುತ್ತಿ ಪಕ್ಕಕ್ಕಿಡುತ್ತಿದ್ದಳು. ನಡುಮನೆಯಲ್ಲಿ ಅಪ್ಪನಿಗೆ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಹೆಂಗಸರು ಅತ್ತು ಸುಸ್ತಾಗಿ ಗೋಡೆಗೆ ಒರಗಿದ್ದರು. ಇಂಥ ಹೊತ್ತಿನಲ್ಲಿ ಈ ಕೆಲಸ ಯಾಕೆ ಎಂದು ಯಾರೂ ಅವಳನ್ನು ಕೇಳಲಿಲ್ಲ.

ಪ್ರತಿ ಓಟದ ಮರುದಿನ ಇದನ್ನು ಅಪ್ಪ ವೈಜಿನಾಥ ಮಾಡುತ್ತಿದ್ದ. ಬಸವಕಲ್ಯಾಣದ ಬೈಪಾಸಿನ ಹೊಸ ಲೇಔಟಿನ ಮಂದಿ ಗುಡ್ಡ ಕೊಳ್ಳದಲ್ಲಿ ಓಡುವ ದಿನ ಅವನು ನಸುಕಿಗೇ ಎದ್ದು ದಾರಿಯುದ್ದ ಗಿಡಗಳಿಗೆ ನೀಲಿ ಪಟ್ಟಿ ಕಟ್ಟಿ ಬರುತ್ತಿದ್ದ. ಆಮೇಲೆ ಎಲ್ಲರ ಹಿಂದೆ, ಕಡೆಯವನಾಗಿ, ಅವನ್ನು ಬಿಚ್ಚುತ್ತ ನಡೆಯುತ್ತಿದ್ದ. ನಲವತ್ತು ಕಟ್ಟಿದರೆ ನಲವತ್ತು ವಾಪಸ್ ಬರಬೇಕು. ನಿನ್ನೆ ರವಿವಾರ ಕೊಳ್ಳದಿಂದ ಬಂದವನು ಚೀಲವನ್ನು ಗೂಟಕ್ಕೆ ಹಾಕಿ, "ಜರಾ ದಣಿವಾಗ್ಯದ, ನಾಳಿ ನೋಡ್ತೀನಿ" ಅಂದಿದ್ದ. ಇವತ್ತು ಬೆಳಗ್ಗೆ ಏಳಲಿಲ್ಲ.

ಪ್ರಣಿತಾ ಸುರುಳಿಗಳನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಏನ್ ಎಣಸಾಕತ್ತೀ?" ಸೋದರತ್ತೆ ಸೋನುಬಾಯಿ ಕೇಳಿದಳು. ತಾಯಿಯಿಲ್ಲದ ಇಬ್ಬರು ಮಕ್ಕಳನ್ನು ಬೆಳೆಸಿದವಳು ಅವಳೇ.

"ಒಂದು ಕಡಿಮಿ ಅದ, ಅತ್ತಿ."

"ಇರ್ಲಿ ಬಿಡು. ಮನಷ್ಯಾನೇ ಕಡಿಮಿ ಆದ."

ಪ್ರಣಿತಾ ಸುರುಳಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದಳು. ಆದರೆ ಮೂವತ್ತೊಂಬತ್ತು ಅನ್ನುವುದು ತಲೆಯಲ್ಲಿ ಉಳಿಯಿತು. ಏಳು ವರ್ಷದಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ.

ಹನ್ನೊಂದರ ಹೊತ್ತಿಗೆ ಲೇಔಟಿನವರು ಬಂದರು. ಬಾಗಿಲ ಹೊರಗೆ ಹಸಿರು, ಕಿತ್ತಳೆ, ಗುಲಾಬಿ ಬೂಟುಗಳು ಸಾಲಾಗಿ ನಿಂತವು.

"ಇವೇನ್ ಬೂಟೋ ಗಿಣಿಗಳೋ," ಅಂದ ನೆರೆಮನೆಯ ಲಾಲಪ್ಪ. "ನಮ್ಮ ವೈಜಣ್ಣಗ ಚಪ್ಪಲ್ ಸಾಕಾಗಿತ್ತು."

ಓಟದ ಗುಂಪನ್ನು ಕಟ್ಟಿದವನು ಪೇಟೆಯಲ್ಲಿ ಅರಿವೆ ಅಂಗಡಿಯಿಟ್ಟಿರುವ ಶಂಕರಲಿಂಗ. ಅವನು ಅಂಗಳದ ಕಟ್ಟೆಯ ಮೇಲೆ ಕೂತ. "ನಾ ಒಂದ್ ಜೋಡ್ ಕೊಡಿಸಿದ್ದೆ. ಹಾಕ್ಕೊಳ್ಳೇ ಇಲ್ಲ ನೋಡು."

"ಹಾಕ್ಕೊಂಡಿದ್ದನ್ರಿ," ಅಂದ ಲಾಲಪ್ಪ. "ನನ ಮಗಳ ಲಗ್ನಕ್ಕ. ಕುಂತಾಂವ ಕುಂತೇ ಇದ್ದ. ಏಳೋ ಮಾರಾಯ ಅಂದ್ರ, ಕಾಲಿಗಿ ನೆಲಾ ಸಿಗವಲ್ದು ಅಂದ."

ಒಂದಿಬ್ಬರು ನಕ್ಕು, ಒಳಗೆ ಮಲಗಿಸಿದವನ ನೆನಪಾಗಿ ಬಾಯಿಗೆ ಕೈ ಇಟ್ಟುಕೊಂಡರು.

"ಮೊದಲನೇ ಸಲ ನಾವು ಐದು ಮಂದಿ ಕೊಳ್ಳದಾಗ ದಾರಿ ತಪ್ಪಿದ್ವಿ," ಅಂದ ಶಂಕರಲಿಂಗ. "ಫೋನಿನಾಗ ನಕಾಶಾ ಇತ್ತು, ನಕಾಶಾದಾಗ ಕೊಳ್ಳೇ ಇರಲಿಲ್ಲ. ಇಂವ ಕಟ್ಟಗಿ ಹೊತ್ಕೊಂಡ್ ಬಂದ. ಮುಂದ ನಡೀಯಪ್ಪ ಅಂದ್ರ, ಇಲ್ರಿ, ನೀವು ಮುಂದ ನಡೀರಿ, ಹಿಂದಿನಿಂದ ದಾರಿ ಹೇಳ್ತೀನಿ ಅಂದ. ಯಾಕೋ ಅಂದೆ. ಹಿಂದಿದ್ರ ನೀವೆಲ್ಲಾ ನನಗ ಕಾಣ್ತೀರಿ ಅಂದ."

"ಎಷ್ಟೋ ಸಲ ಅವರ ಮುಂದ ಓಡೀನಿ," ಅಂದಳು ದೀಪಾಲಿ. ಅವಳು ಪೇಟೆಯ ಶಾಲೆಯಲ್ಲಿ ಗಣಿತದ ಟೀಚರು. "ಅವರು ಓಡೋದು ಒಮ್ಮಿನೂ ನೋಡಿಲ್ಲ."

"ಅಂವ ಎಲ್ಲಿ ಓಡ್ತಿದ್ದ. ನಡೀತಿದ್ದ," ಅಂದ ಶಂಕರಲಿಂಗ.

ಒಳಗೆ ಪ್ರಣಿತಾಳ ಕೈ ನಿಂತಿತು. ಅವಳು ನೋಡಿದ್ದಳು.

*

ಎರಡು ವರ್ಷದ ಹಿಂದಿನ ಮಾತು. ಎಂಟನೇ ಇಯತ್ತೆಗೆ ಸಾಲೆ ಬಿಟ್ಟ ಮೇಲೆ ಪ್ರಣಿತಾ ಮನೆಗೆ ಬಂದವರಿಗೆ ನೀರು ಕೊಟ್ಟು ಒಳಗೆ ಸರಿಯುವ ಹುಡುಗಿಯಾಗಿದ್ದಳು. ಪಟ್ಟಿ ಬಿಚ್ಚಲು ಅಪ್ಪ ಕರೆದಾಗ ಮಾತ್ರ ಹೊರಗೆ ಬರುತ್ತಿದ್ದಳು. ಅಲ್ಲಿ ಮಾತಾಡಬೇಕಾಗಿರಲಿಲ್ಲ.

ಆ ದಿನವೂ ಎಲ್ಲರೂ ಕೊಳ್ಳ ದಾಟಿ ಹೋಗಿದ್ದರು. ಅಪ್ಪ ಎಂದಿನಂತೆ ಕೊಳ್ಳದ ಬಾಯಲ್ಲಿ ತಿರುಗಿ ನಿಂತು ಕೂಗಿದ.

"ಹಿಂದ ಯಾರರ ಉಳ್ದೀರೇನು? ಒಂದು ದನಿ ಕೊಡ್ರಿ."

ಕೆಂಪು ಗೋಡೆಗಳಿಂದ ಕಾಡುಪಾರಿವಾಳಗಳು ಒಮ್ಮೆಗೇ ಎದ್ದವು. ಅವು ಸುತ್ತು ಹೊಡೆದು ಮರಳಿ ಕೂರುವವರೆಗೆ ಅವನು ಉಸಿರು ಬಿಗಿಹಿಡಿದು ಕಾಯುತ್ತಿದ್ದ. ದನಿ ಬರದಿದ್ದರೆ ಅವನ ಮುಖ ಅರಳುತ್ತಿತ್ತು. "ಎಲ್ಲಾರೂ ಬರಾಬರ್ ಮನಿ ಮುಟ್ಟ್ಯಾರ," ಅನ್ನುತ್ತಿದ್ದ.

ಅವತ್ತು ದನಿ ಬಂತು. ಎಳೆಯಷ್ಟು ತೆಳ್ಳಗೆ, ಕೊಳ್ಳದ ಮೂರು ಸೀಳುಗಳಲ್ಲಿ ನಡುವಿನದರಿಂದ.

ಅಪ್ಪ ಚಪ್ಪಲಿ ಬಿಟ್ಟ. ಚೀಲವನ್ನು ಮಗಳ ಕೈಗೆ ಕೊಟ್ಟು ದಿಬ್ಬ ಏರಿದ. ಅವಳು ಹಿಂದೆಯೇ ಏರಿದಳು. ಅಂಚಿನಿಂದ ಕೆಳಗೆ ಮೂವತ್ತಾಳು ಉದ್ದದ, ಸಡಿಲ ಮುರಂ ಕಲ್ಲಿನ ಜಾರು. ಮೇಕೆಗಳೂ ಅಲ್ಲಿ ನಿಂತು ಯೋಚಿಸುತ್ತಿದ್ದವು. ಅಪ್ಪ ಯೋಚಿಸಲಿಲ್ಲ. ಅವನು ಇಳಿದದ್ದನ್ನು ಓಟ ಅನ್ನಬೇಕೋ ಏನೆನ್ನಬೇಕೋ ಅವಳಿಗೆ ಇವತ್ತಿಗೂ ತಿಳಿದಿಲ್ಲ. ಪಾದ ಕಲ್ಲಿಗೆ ತಾಗುವ ಮೊದಲೇ ಕಲ್ಲು ಅವನಿಗೆ ಗೊತ್ತಿತ್ತು. ಕೈಗಳು ಎರಡೂ ಬದಿಗೆ ಸಡಿಲವಾಗಿ ಬಿಚ್ಚಿಕೊಂಡಿದ್ದವು. ಐವತ್ತೊಂಬತ್ತು ವರ್ಷದ ಕೂಲಿಯ ಮೈ, ಸಂಜೆಯಾದರೆ ಸೊಂಟ ಹಿಡಿದು ಏಳುವ ಮೈ, ಆ ಕೆಂಪು ಗೋಡೆಯ ಮೇಲೆ ತೂಕವನ್ನೇ ಕಳೆದುಕೊಂಡಿತ್ತು. ಅವನ ಕಾಲಿಗೆ ಸಿಕ್ಕಿ ಉರುಳಿದ ಕಲ್ಲುಗಳು ತಳ ಮುಟ್ಟುವ ಮೊದಲೇ ಅವನು ಮುಟ್ಟಿದ್ದ. ಬಿಸಿಲು ಅವನ ಬೆನ್ನ ಮೇಲಿತ್ತು. ಇಡೀ ಕೊಳ್ಳ ಅವನಿಗೆ ದಾರಿ ಬಿಟ್ಟು ಸುಮ್ಮನೆ ನಿಂತಂತಿತ್ತು. ಪ್ರಣಿತಾಳಿಗೆ ಕಣ್ಣಲ್ಲಿ ನೀರು ಬಂತು, ಅಂಜಿಕೆಯಿಂದಲ್ಲ.

ಸೀಳಿನ ತಿರುವಿಗೆ ಹತ್ತು ಹೆಜ್ಜೆ ಇರುವಾಗ ಅವನು ನಿಂತ. ಉಸಿರು ತಡೆದುಕೊಂಡ. ಅಂಗಿ ಎಳೆದು ಸರಿಮಾಡಿಕೊಂಡು, ಹೊಲಕ್ಕೆ ಹೊರಟವನಂತೆ ನಿಧಾನ ನಡೆದು ತಿರುವಿನಲ್ಲಿ ಮರೆಯಾದ. ದಾರಿ ತಪ್ಪಿ, ಕಾಲು ಉಳುಕಿ ಕೂತಿದ್ದ ದೀಪಾಲಿ ಕಂಡದ್ದು ನಡೆದು ಬರುವ ಮನುಷ್ಯನನ್ನು.

"ಅಲ್ಲಿ ಯಾಕ ನಿಂತಿ?" ಆಮೇಲೆ ಪ್ರಣಿತಾ ಕೇಳಿದ್ದಳು.

"ಓಡಿ ಬಂದ್ರ ಅಂಜ್ತಾರ," ಅಂದಿದ್ದ ಅಪ್ಪ. "ನಡ್ಕೊಂತ ಬಂದ್ರ, ಅಂಥದ್ದೇನ್ ಆಗಿಲ್ಲ ಅಂತ ಧೈರ್ಯ ಬರ್ತದ."

*

ಎರಡು ಗಂಟೆಗೆ ಎತ್ತಿದರು. ಬುದ್ಧವಂದನೆ ಮುಗಿದಿತ್ತು. ಅವರ ಓಣಿಯವರು ಮಣ್ಣು ಕೊಡುವ ಜಾಗ ಕೊಳ್ಳದ ಆಚೆ ದಂಡೆಯ ಮೇಲೆ. ಹೋಗಲು ಇರುವುದು ಅದೇ ಓಟದ ದಾರಿ. ಕೊಳ್ಳದ ಬಾಯಲ್ಲಿ ಹೆಂಗಸರು ನಿಂತರು.

"ನಾನೂ ಬರ್ತೀನಿ," ಅಂದಳು ಪ್ರಣಿತಾ. ಮೆಲ್ಲಗೆ ಅಂದದ್ದು ಸೋನುಬಾಯಿಗೆ ಮಾತ್ರ ಕೇಳಿತು.

"ಹೆಣ್ಣುಮಕ್ಕಳು ಇಲ್ಲಿಂದ ಮುಂದ ಹೋಗಂಗಿಲ್ಲ."

ಅಣ್ಣ ಸಂಘರತ್ನನಿಗೆ ಅತ್ತೆಯ ಮಾತಷ್ಟೇ ಕೇಳಿತು. ಹೆಗಲು ಕೊಟ್ಟವನು ಅಲ್ಲಿಂದಲೇ ತಿರುಗಿದ. "ಹಂಗಂತ ನಮ್ಮ ಧಮ್ಮದಾಗ ಎಲ್ಲಿ ಬರದದ, ಅತ್ತಿ?"

"ಧಮ್ಮದಾಗ ಇಲ್ಲಪ್ಪ. ನಮ್ಮವ್ವನ ಬಾಯಾಗಿತ್ತು."

ಪ್ರಣಿತಾ ಅತ್ತೆಯ ಪಕ್ಕಕ್ಕೆ ಸರಿದಳು. ಗಂಡಸರು ಒಬ್ಬರ ಹಿಂದೆ ಒಬ್ಬರು ಸಾಲಾದರು. ದಾರಿ ಅಷ್ಟೇ ಅಗಲ. ಶಂಕರಲಿಂಗ ಸಾಲನ್ನು ನೋಡಿದ. ಏಳು ವರ್ಷದ ರೂಢಿಯಿಂದ ಅವನ ಬಾಯಿಂದ ಮಾತು ಬಂತು.

"ಕಡೀಕ ಯಾರು?"

ಎಲ್ಲರೂ ಚಟ್ಟದ ಕಡೆ ನೋಡಿದರು. ಕಡೆಯವನು ಅಲ್ಲಿ ಎಲ್ಲರಿಗಿಂತ ಮುಂದಿದ್ದ.

"ನಾ," ಅಂದಳು ಪ್ರಣಿತಾ. ಈ ಸಲ ಎಲ್ಲರಿಗೂ ಕೇಳಿತು.

ಸೋನುಬಾಯಿ ಅವಳ ಓಢಣಿಯ ತುದಿಯನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದಳು. "ಹೋಗು. ಬರೋ ಮುಂದ ಮಾತ್ರ ಹಿಂದ ತಿರಗಿ ನೋಡಬ್ಯಾಡ. ನೋಡಿದ್ರ ಅಂವಗ ಬಿಟ್ಟು ಹೋಗಾಕ ಆಗಂಗಿಲ್ಲ."

ಕೊಳ್ಳದಲ್ಲಿ ನೆರಳಿರಲಿಲ್ಲ. ಗೋಡೆಗಳು ಒಳಗಿನಿಂದ ಉರಿಯುತ್ತಿರುವಂತೆ ಕೆಂಪಗಿದ್ದವು. ಗಡಿಯಾರ ನೋಡುತ್ತ ಓಡುತ್ತಿದ್ದವರು ಇವತ್ತು ತಲೆಯೆತ್ತಿ ನೋಡುತ್ತ ನಡೆದರು. "ಇಷ್ಟು ಎತ್ತರ ಅದ ಇದು?" ಅಂದ ಒಬ್ಬ. ಸಾಲಿನ ಕಡೆಯಲ್ಲಿದ್ದ ಪ್ರಣಿತಾಳಿಗೆ ಎಲ್ಲರ ಬೆನ್ನೂ ಕಾಣುತ್ತಿತ್ತು. ಎಡವಿದವನು, ಬೆವರು ಒರೆಸಿಕೊಂಡವನು, ಹೆಗಲು ಬದಲಿಸಿದವನು, ಯಾರೂ ಅವಳ ಕಣ್ಣು ತಪ್ಪಲಿಲ್ಲ. ಅಪ್ಪ ನೋಡುತ್ತಿದ್ದದ್ದು ಇದನ್ನು.

ಆಚೆ ಏರಿನ ತಲೆಯಲ್ಲಿ, ಸೀತಾಫಲದ ಗಿಡದಲ್ಲಿ, ನಲವತ್ತನೆಯದು ಇತ್ತು.

ಗಂಟು ಅರ್ಧ ಬಿಚ್ಚಿತ್ತು. ಗಿಡದ ಬುಡದ ಹುಲ್ಲು ಯಾರೋ ಕೂತು ಎದ್ದಂತೆ ಒರಗಿತ್ತು. ಓಟದಲ್ಲಿ ಇಲ್ಲಿಂದಲೇ ಕೊಳ್ಳಕ್ಕೆ ಇಳಿಯುವುದು. ಅವಳಿಗೆ ನಿನ್ನೆಯ ಬೆಳಗು ಕಂಡಿತು. ಅಪ್ಪ ಎದೆ ಹಿಡಿದು ಕೂತಿರಬೇಕು. ಬೆರಳು ಮಾತು ಕೇಳಿರಲಿಕ್ಕಿಲ್ಲ. ಅಷ್ಟರಲ್ಲಿ ಮುಂದಿನವರ ಬೆನ್ನು ತಿರುವಿನಲ್ಲಿ ಮರೆಯಾಗತೊಡಗಿರಬೇಕು. ಪಟ್ಟಿ ಬಿಟ್ಟು ಅವರ ಹಿಂದೆ ಎದ್ದು ಹೋಗಿದ್ದಾನೆ.

ಅವಳು ಒಂದೇ ಸಲ ಎಳೆದಳು. ಬಂತು.

ಮಣ್ಣು ಕೊಟ್ಟು ಎಲ್ಲರೂ ಬಂದ ದಾರಿಯಲ್ಲೇ ಇಳಿದರು. "ಯಾರೂ ತಿರಗಿ ನೋಡಬ್ಯಾಡ್ರಿ," ಅಂದ ಲಾಲಪ್ಪ. ಯಾರೂ ನೋಡಲಿಲ್ಲ. ಕೊಳ್ಳದ ಬಾಯಲ್ಲಿ ಹೆಂಗಸರು ತಂಬಿಗೆಯಲ್ಲಿ ನೀರು ಹಿಡಿದು ಕಾಯುತ್ತಿದ್ದರು. ಸಂಘರತ್ನ ಹೊರಗೆ ಬಂದ. ಶಂಕರಲಿಂಗ ಬಂದ. ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಕಡೆಗೆ ಪ್ರಣಿತಾ ಬಂದಳು. ಬಂದವಳು ನಿಂತಳು.

"ನಡಿ, ಬೇಟಾ," ಅಂದಳು ಸೋನುಬಾಯಿ.

ಪ್ರಣಿತಾ ತಿರುಗಿದಳು. ಹಿಂದೆ ಯಾರೋ ಉಸಿರೆಳೆದುಕೊಂಡದ್ದು ಕೇಳಿತು. ಪಟ್ಟಿಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು, ಓಣಿಯಲ್ಲಿ ಯಾರೂ ಎಂದೂ ಕೇಳಿರದ ದನಿಯಲ್ಲಿ ಅವಳು ಕೊಳ್ಳದೊಳಗೆ ಕೂಗಿದಳು.

"ಹಿಂದ ಯಾರರ ಉಳ್ದೀರೇನು? ಒಂದು ದನಿ ಕೊಡ್ರಿ."

ಪಾರಿವಾಳಗಳು ಎದ್ದವು. ದೊಡ್ಡ ಸುತ್ತು ಹೊಡೆದವು. ಒಂದೊಂದಾಗಿ ಮರಳಿ ಬಂದು ಕೆಂಪು ಗೋಡೆಯಲ್ಲಿ ಕೂತವು. ಕಡೆಯದು ಕೂರುವವರೆಗೆ ಅವಳು ಉಸಿರು ಬಿಗಿಹಿಡಿದು ಕಾದಳು.