ಮೂವತ್ತೇಳನೆಯ ಪರಿಣಾಮ

ಟ್ಯೂನಾ ಮೀನಿನ ಕಾರ್ಖಾನೆಯ ಹಗಲು, ರಾತ್ರಿ ಪಾಳಿಗಳನ್ನು ಕೂಡಿಸಿ ಒಂದೇ ಹಗಲು ಪಾಳಿ ಮಾಡುವ ಮುನ್ನ ಮ್ಯಾನೇಜರ್ ಅರ್ನುಲ್ಫೊ ಎಐ ಏಜೆಂಟುಗಳನ್ನು ಕೆಲಸಕ್ಕೆ ಹಚ್ಚಿದ್ದ. ಒಂದು ವಾಹನಗಳ ಲೆಕ್ಕ ನೋಡಿತು, ಒಂದು ಕ್ಯಾಂಟೀನಿನದು, ಮತ್ತೊಂದು ಹಾಜರಿಯದು. ಈ ಬದಲಾವಣೆ ಯಾರಿಗೆ ಎಲ್ಲಿ ಹೋಗಿ ತಟ್ಟುತ್ತದೆ ಎಂದು ತಮ್ಮತಮ್ಮಲ್ಲೇ ತಾಳೆ ಹಾಕಿ ನಲವತ್ತೊಂದು ಪರಿಣಾಮಗಳ ಪಟ್ಟಿ ಕೊಟ್ಟವು. ಪಾಳಿ ಹಂಚುವ ಫ್ಲೋರ್ದೆಲಿಸಾ ಮೂವತ್ತೇಳನೆಯದರಲ್ಲಿ ನಿಂತುಬಿಟ್ಟಳು.

‘ಮೀನು ಕತ್ತರಿಸುವ ಆರನೆಯ ಮೇಜಿನ ಲುಡಿವಿನಾ. ಶೀತಲಗೃಹದಲ್ಲಿರುವ ಗಂಡ ಹೆನಾರೊನ ಪಾಳಿಯೇ ಇವಳಿಗೂ ಬಿದ್ದ ಹನ್ನೊಂದು ವಾರಗಳಲ್ಲಿ ಒಂಬತ್ತು ವಾರ ಗಾಯದ ರಜೆ. ಬೇರೆ ಪಾಳಿಯಿದ್ದಾಗ ಒಂದೂ ಇಲ್ಲ. ಕಾರಣ ದಾಖಲೆಯಲ್ಲಿಲ್ಲ. ಬದಲಾಯಿಸುವ ಮೊದಲು ಅವಳು ಒಬ್ಬಳೇ ಇದ್ದಾಗ ಕೇಳಬೇಕು.’

ಅರ್ನುಲ್ಫೊ ನಕ್ಕ. “ಸಾವಿರದಿನ್ನೂರು ಜನರಲ್ಲಿ ಒಬ್ಬಳು ಬಚ್ಚಲಲ್ಲಿ ಜಾರಿ ಬಿದ್ರೆ ಕಾರ್ಖಾನೆ ನಿಲ್ಸಕ್ಕಾಗುತ್ತಾ?”

“ಗಂಡ ಮನೇಲಿದ್ದಾಗ ಮಾತ್ರ ಜಾರ್ತಾಳಾ, ಸರ್?”

ಕೈ ತೊಳೆಯುವ ಕಡೆ ಲುಡಿವಿನಾ ಒಬ್ಬಳೇ ಸಿಕ್ಕಾಗ ಫ್ಲೋರ್ದೆಲಿಸಾ ಗಾಯಗಳ ಬಗ್ಗೆ ಕೇಳಿದಳು. ಮೊಣಕೈವರೆಗೂ ಮೀನಿನ ನೆತ್ತರು.

“ಈ ಕಡೆ ಬಂದು ಮಾತಾಡಿ ಮ್ಯಾಮ್, ಆ ಕಿವಿ ಕೇಳಲ್ಲ. ಹೋದ ಸಲ ಒಂದೇ ಪಾಳಿ ಬಿದ್ದಾಗ ಅವನು ಅನ್ನದ ಪಾತ್ರೆ ತಗೊಂಡು ಬಾರಿಸ್ದ.” ಅವಳು ಕೈ ಉಜ್ಜುತ್ತಲೇ ಇದ್ದಳು. “ಇರೋದು ಒಂದೇ ಹಾಸಿಗೆ. ಅವನೆದ್ದು ಹೋದ್ಮೇಲೆ ನಾನು ಮಲಗ್ತೀನಿ. ಹಂಗೇ ಹನ್ನೆರಡು ವರ್ಷ ಸಂಸಾರ ಮಾಡಿದೀನಿ. ನಾನು ಹೇಳಿದೆ ಅಂತ ಮಾತ್ರ ಗೊತ್ತಾಗೋದು ಬೇಡ. ಕೊಂದ್ಹಾಕ್ತಾನೆ.”

ಬಂದರಿನಲ್ಲಿ ದೋಣಿಯಿಂದ ಮೀನು ಇಳಿಸುವ ಕೆಲಸ ಮಾತ್ರ ರಾತ್ರಿಗೇ ಉಳಿದಿತ್ತು. ಫ್ಲೋರ್ದೆಲಿಸಾ ಹೆನಾರೊನನ್ನು ಅಲ್ಲಿಗೆ ಹಾಕಿದಳು. ವರ್ಗಾವಣೆಯ ನಮೂನೆ ಕಾರಣ ಕೇಳಿತು. ‘ಕುಟುಂಬದ ಕೋರಿಕೆ’ ಎಂದು ಬರೆದಳು. ಯಾರಿಗೂ ನೋವಾಗದ ಮಾತು ಅನ್ನಿಸಿತ್ತು. ಈ ಒಂದು ಬದಲಾವಣೆಯನ್ನು ಮಾತ್ರ ಅವಳು ಏಜೆಂಟುಗಳ ಮುಂದೆ ಇಡಲಿಲ್ಲ. ಹೆಂಗಸರು ಹೆಂಗಸರೇ ಸದ್ದಿಲ್ಲದೆ ಸರಿಪಡಿಸಿಕೊಳ್ಳುವ ವಿಷಯ, ಯಂತ್ರಕ್ಕೇಕೆ ಎಂದುಕೊಂಡಳು.

ಶುಕ್ರವಾರ ಬೆಳಿಗ್ಗೆ ಪಟ್ಟಿ ಗೇಟಿನ ಗೋಡೆಗೆ ಬಿತ್ತು. ಹೆಸರು, ಜಾಗ, ಕಾರಣ ಎಲ್ಲವೂ ಅದರಲ್ಲಿದ್ದವು.

ಹೆನಾರೊ ಮಂಜುಗಡ್ಡೆ ಎಳೆಯುವ ಕೊಕ್ಕೆ ಹಿಡಿದೇ ಮೀನು ಕತ್ತರಿಸುವ ಹಾಲ್‌ಗೆ ನುಗ್ಗಿದ. “ಕುಟುಂಬ ಅಂದ್ರೆ ಯಾರೇ? ನಾನು ಕೇಳಿದ್ನಾ?”

ಜುಟ್ಟು ಹಿಡಿದು ಲುಡಿವಿನಾಳ ಮುಖವನ್ನು ಉಕ್ಕಿನ ಮೇಜಿಗೆ ಅಪ್ಪಳಿಸಿದ. ಮತ್ತೊಮ್ಮೆ ಅಪ್ಪಳಿಸಿದ. ಮೀನಿನ ತುಂಡುಗಳ ನಡುವೆ ಹಲ್ಲೊಂದು ಬಿತ್ತು. ಕೊಕ್ಕೆ ಅವಳ ಭುಜಕ್ಕೆ ಇಳಿಯಿತು.

“ಬಿಡೋ ಹಂದಿ!” ಎಂದು ಅರಚಿದವಳು ಮೇಜಿನ ಹಿರಿಯಳು, ಎಲ್ಲರೂ ಮನಾಂಗ್, ಅಂದರೆ ಅಕ್ಕ, ಎಂದು ಕರೆಯುವ ಬಸಿಲಿಸಾ. ಬಾಯಿ ಅರಚುವಷ್ಟರಲ್ಲಿ ಅವಳ ಚೂರಿ ಅವನ ಅಂಗೈಯನ್ನು ತೂರಿ ಹೋಗಿತ್ತು. ಆರನೆಯ ಮೇಜಿನ ಹೆಂಗಸರೆಲ್ಲ ಅವನ ಮೇಲೆ ಬಿದ್ದರು. ರಬ್ಬರ್ ಬೂಟುಗಳು ಪಕ್ಕೆಯನ್ನು, ಬಾಯನ್ನು, ತೊಡೆಯ ಸಂದನ್ನು ಹುಡುಕಿ ಹುಡುಕಿ ಒದ್ದವು. ಓಡಿ ಬಂದ ಫ್ಲೋರ್ದೆಲಿಸಾ ತಾನೂ ಒದೆಯುತ್ತಿರುವುದನ್ನು ಕಾಲು ನೋಯತೊಡಗಿದಾಗ ಗಮನಿಸಿದಳು.

ಕಾವಲುಗಾರರು ಅವನನ್ನು ಎಳೆದು ನಿಲ್ಲಿಸಿದರು. ಅರ್ನುಲ್ಫೊ ಬೆವರುತ್ತಿದ್ದ. “ಪೊಲೀಸ್ ಗಿಲೀಸ್ ಬೇಡ, ಮೇಲೆ ಖರೀದಿದಾರರು ಕೂತಿದಾರೆ. ಇವನ ಕೆಲಸ ಇವತ್ತಿಗೆ ಮುಗೀತು. ಕೈಗೆ ಬಟ್ಟೆ ಸುತ್ತಿ ಮನೆಗೆ ಕಳಿಸಿ.”

ನೆಲದಲ್ಲಿ ಕೂತಿದ್ದ ಲುಡಿವಿನಾ ತಲೆ ಎತ್ತಿದಳು. ಒಡೆದ ತುಟಿಯಿಂದ ಮಾತು ನಿಧಾನವಾಗಿ ಬಂತು.

“ಕೆಲಸ ಇಲ್ಲ ಅಂದ್ರೆ... ಇನ್ಮೇಲೆ ಹಗಲೂ ರಾತ್ರಿ ಮನೇಲೇ ಇರ್ತಾನಲ್ಲ, ಮ್ಯಾಮ್?”

ಫ್ಲೋರ್ದೆಲಿಸಾ ಕಾವಲುಗಾರನತ್ತ ತಿರುಗಿದಳು. “ಗೇಟ್ ಹಾಕು. ಇವನು ಹೊರಗೆ ಹೋಗಕೂಡದು.”

“ತಲೆ ಕೆಟ್ಟಿದ್ಯಾ? ನಿನ್ನ ಕೆಲಸಾನೂ ಹೋಗುತ್ತೆ,” ಅರ್ನುಲ್ಫೊ ಗದರಿದ.

ಅವಳ ಬೆರಳುಗಳಿಗೆ ರಕ್ತ ಮೆತ್ತಿಕೊಂಡು ಫೋನು ಜಾರುತ್ತಿತ್ತು. ಲಂಗಕ್ಕೆ ಒರೆಸಿಕೊಂಡು ಪೊಲೀಸ್ ಠಾಣೆಯ ಅಂಕಿಗಳನ್ನು ಒತ್ತಿದಳು. ಗೇಟು ಮುಚ್ಚಿದ ಸದ್ದು ಹಾಲ್‌ವರೆಗೂ ಕೇಳಿಸಿತು.