ಕೋಡುಗಲ್ಲಿನ ಮೂರನೆಯ ಅರ್ಥ

ನಿಘಂಟು ಕಚೇರಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಪುಸ್ತಕಗಳಲ್ಲಿ ಸಿಗದ ಅರ್ಥವನ್ನು ಸೇರಿಸಬೇಕಾದರೆ ಎರಡು ಬೇರೆ ಮನೆಗಳ ಇಬ್ಬರ ಬಾಯಿಂದ ಅದು ತಾನಾಗಿ ಬರಬೇಕು. ಕೇಳುವವರು ಪದವನ್ನಷ್ಟೇ ಹೇಳಿ ಸುಮ್ಮನಿರಬೇಕು. ಅರ್ಥವನ್ನು ತಾವೇ ಬಾಯಿಬಿಟ್ಟರೆ ಸಾಕ್ಷಿ ಕೆಟ್ಟಿತು. ಅಲ್ಲೇ ತಲೆ ನರೆಸಿಕೊಂಡ ಸಹಸಂಪಾದಕಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಅವಳ ಮೇಜಿಗೆ ‘ಕೋಡುಗಲ್ಲು’ ಬಂದಿತ್ತು. ಕೋಡು ಎಂದರೆ ಕೊಂಬು. ಕೊಂಬಿನಂತೆ ನೆಲ ಬಿಟ್ಟೆದ್ದ ಕಲ್ಲು. ಮೊದಲ ಅರ್ಥ, ಒರಟಾಗಿ, ಕಡಿದಾಗಿ ನಿಂತ ಬಂಡೆ. ಎರಡನೆಯದು, ಬೆಟ್ಟದ ತುದಿ. ಮೂರನೆಯದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವಳ ತಾಯಿಯ ಬಾಯಲ್ಲಿತ್ತು. ತಾಯಿಯ ಊರ ಮಗ್ಗುಲಲ್ಲಿ ಅಂಥದೊಂದು ಕಲ್ಲಿತ್ತು. ಬಿರುಗಾಳಿ ಎದ್ದರೆ ದನಕರು, ಮಕ್ಕಳು ಅದರ ಹಿಂದೆ ನಿಲ್ಲುತ್ತಿದ್ದರು. ಹಾಗಾಗಿ ಮನೆಯ ಕಷ್ಟಕ್ಕೆಲ್ಲ ತಾವೊಬ್ಬರೇ ಎದೆಗೊಟ್ಟು, ಉಳಿದವರಿಗೆ ತಿಳಿಯಗೊಡದವರನ್ನೂ ಆ ಊರವರು ಕೋಡುಗಲ್ಲು ಎನ್ನುತ್ತಿದ್ದರು. ಕಲ್ಲನ್ನು ರಸ್ತೆಯ ಜಲ್ಲಿಗೆಂದು ಒಡೆದರು. ಊರು ಚದುರಿತು. ತಾಯಿ ಆ ಮಾತನ್ನು ತೀರಿಹೋದ ಗಂಡನಿಗಾಗಿ ಉಳಿಸಿಕೊಂಡಿದ್ದಳು.

ಈಗ ಅವಳೂ ಹಾಸಿಗೆ ಹಿಡಿದಿದ್ದಳು. ವೈದ್ಯರು ಮಗಳನ್ನು ಹೊರಗೆ ಕರೆದು ಮಾತಾಡುವ ಹಂತ.

“ಹಾಕಿದ್ರೇನೇ?” ಎಂದು ತಾಯಿ ದಿನಾ ಕೇಳುವಳು.

“ಇನ್ನೊಬ್ಬರು ಹೇಳ್ಬೇಕಮ್ಮ.”

“ನಾನು ಹೇಳಿದ್ರೆ ಸಾಲ್ದಾ? ನಾನೇನು ಸುಳ್ಳುಬುರುಕಿಯಾ?”

“ಈ ಸಲ ಆಗ್ದಿದ್ರೆ ಮುಂದಿನ ಮುದ್ರಣಕ್ಕೆ ಹಾಕ್ಸೋಣ.”

“ನಿಮ್ಮ ನಿಘಂಟು ಆಮೆ. ಅದು ಇನ್ನೊಂದು ಸುತ್ತು ಬರೋ ಹೊತ್ತಿಗೆ ನಾನಿರ್ಲಿ, ನೀನೂ ಇರಲ್ಲ.”

ಸೋಮವಾರ ಪುಟ ಅಚ್ಚಿಗೆ ಹೋಗುವುದಿತ್ತು. ಶನಿವಾರ, ವಿಚಾರಿಸಿ ವಿಚಾರಿಸಿ, ಆ ಊರಿನ ಒಬ್ಬ ದರ್ಜಿ ಸಿಕ್ಕ. ಒಂದು ಹೊಲಿಗೆ ಯಂತ್ರ ಹಿಡಿಸುವಷ್ಟೇ ಅಂಗಡಿ. ಇದ್ದೊಂದು ಸ್ಟೂಲನ್ನು ಅಂಗಿಯ ತುದಿಯಿಂದ ಒರೆಸಿ ಅವಳಿಗೆ ಕೊಟ್ಟು, ತಾನು ಗೋಡೆಗೊರಗಿ ನಿಂತ.

“ಕೋಡುಗಲ್ಲು ಅಂದ್ರೆ ಏನು ಹೇಳ್ತೀರಿ?”

“ಒಡೆದು ಹಾಕಿದ್ರಲ್ಲ ತಾಯಿ. ನಾವೀಗ ಅದರ ಮೇಲೇ ಓಡಾಡ್ತಿದ್ದೀವೋ ಏನೋ.”

“ಬೇರೆ ಏನಾದ್ರೂ?”

ಅವನು ಯೋಚಿಸಿದ. ಬಾಯಿ ತೆರೆದ. ಅಷ್ಟರಲ್ಲಿ ಗಿರಾಕಿಯೊಬ್ಬ ಬಾಗಿಲಲ್ಲಿ ನಿಂತ. “ಮದುವೆಗೆ ಅಂತ ಕೊಟ್ಟ ಪ್ಯಾಂಟು. ಮಗ ಸ್ಕೂಲಿಗೆ ಹೋಗೋ ಹೊತ್ತಿಗಾದ್ರೂ ಕೊಡ್ತೀರಾ ಯಜಮಾನ್ರೇ?”

“ಮೊದಲು ಹೆಣ್ಣು ನೋಡ್ಕೋ ಹೋಗಯ್ಯಾ!”

ಅವನನ್ನು ಸಾಗಹಾಕುವಾಗಲೇ ಅವಳ ಫೋನು ಬಡಿದುಕೊಂಡಿತು. ತಾಯಿಯ ಪಕ್ಕ ಕೂತಿದ್ದ ಎದುರುಮನೆಯಾಕೆ. “ಗಾಬರಿ ಬೇಡಮ್ಮ. ಉಸಿರು ಸ್ವಲ್ಪ ಜೋರಾಗಿದೆ. ನಾನು ಕೈ ಹಿಡ್ಕೊಂಡೇ ಇದೀನಿ, ಬಾ.”

ಅವಳು ಎದ್ದಳು. ದರ್ಜಿಗೆ ಮಾತಿನ ಎಳೆ ತಪ್ಪಿಹೋಗಿತ್ತು. ಇನ್ನು ಕಾಯಲು ಅವಳಿಂದಾಗಲಿಲ್ಲ.

“ಮನುಷ್ಯರನ್ನೂ ಹಾಗೆ ಕರೀತಿದ್ರಲ್ವಾ? ಕಷ್ಟ ಎಲ್ಲಾ ತಾವೇ ನುಂಗ್ಕೊಂಡು ಮನೆಯೋರನ್ನ ಕಾಯೋರನ್ನ?”

“ಹೂಂ ಮತ್ತೆ! ನಮ್ಮಕ್ಕನ್ನ ಎಲ್ರೂ ಹಾಗೇ ಅಂತಿದ್ರು,” ಎಂದ. ಅವನ ಕಣ್ಣು ತುಂಬಿಕೊಂಡಿತು. ಅವಳಿಗೆ ತಾನೇನು ಮಾಡಿದೆನೆಂದು ಆಗ ಹೊಳೆಯಿತು.

ತಾಯಿ ಆ ರಾತ್ರಿ ಚೇತರಿಸಿಕೊಂಡಳು. ಸೋಮವಾರ ಮಗಳು ನಡೆದದ್ದನ್ನು ಸಂಪಾದಕರಿಗೆ ಇದ್ದಂತೆ ಹೇಳಿದಳು. ಅವರು ಕನ್ನಡಕ ತೆಗೆದಿಟ್ಟರು.

“ನೀವು ಹೇಳ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ.”

“ಗೊತ್ತು ಸಾರ್.”

“ಆ ಊರಿನೋರು ಬೇರೆ ಯಾರೂ ಇಲ್ವಾ?”

“ಇದ್ರೂ ಇವತ್ತೊಳಗೆ ಸಿಗಲ್ಲ.”

ಅವರು ತಮ್ಮ ಲೋಟದ ಚಹಾದಲ್ಲಿ ಅರ್ಧವನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ ಅವಳ ಮುಂದಿಟ್ಟರು. ಕರಡಿನಲ್ಲಿ ಮೂರನೆಯ ಅರ್ಥ ಹೊಡೆದುಹಾಕುವುದು ಅವಳ ಕೆಲಸ. ಕೆಂಪು ಪೆನ್ನನ್ನು ಅವಳಿಗೆ ಕೊಡದೆ ತಾವೇ ಗೆರೆ ಎಳೆದರು.

ಸಂಜೆ ತಾಯಿ ಕೇಳಲಿಲ್ಲ, ಮಗಳ ಮುಖ ನೋಡಿದಳು, ಅಷ್ಟೆ.

“ದರ್ಜಿಗೆ ನೆನಪಿತ್ತಮ್ಮ. ಅವರಕ್ಕನ್ನ ಹಾಗೆ ಕರೀತಿದ್ರಂತೆ. ನಾನೇ ಅವಸರ ಮಾಡ್ಬಿಟ್ಟೆ.”

“ನನ್ನ ಉಸಿರು ನೋಡೋಕೆ ಓಡಿ ಬಂದ್ಯಲ್ಲ, ಬಿಡು.” ತಾಯಿ ಮಗಳ ಮಣಿಕಟ್ಟು ಸವರಿದಳು. ಆಮೇಲೆ ಅಂದಳು: “ಹಾಗಾದ್ರೆ ಪುಸ್ತಕದಲ್ಲಿ ಬಂಡೆ ಇರತ್ತೆ, ಬೆಟ್ಟದ ತುದಿ ಇರತ್ತೆ.”

“ಹೂಂ.”

“ನಿಮ್ಮಪ್ಪ ಇರಲ್ಲ.”

ಮಗಳು ಹೊದಿಕೆಯನ್ನು ಭುಜದವರೆಗೆ ಎಳೆದಳು. ತಾಯಿ ಗೋಡೆಯ ಕಡೆ ತಿರುಗಿ ಮಲಗಿದಳು.