ಹಳೆ ಗರಗಸದ ಬೆಲ್ಟು

ಮರದ ಕಾರ್ಖಾನೆಯ ಸಾಹುಕಾರನಿಗೆ ಬಡಗಿ ಬಾಲ್ಯದ ಗೆಳೆಯ. ಆದರೂ, ಎರಡು ಬೆರಳಿಲ್ಲದವನ ಕೆಲಸ ನಿಧಾನ, ನಾಳೆಯಿಂದ ಬರಬೇಡ ಎಂದು ಬೆಳಿಗ್ಗೆಯೇ ಮುಖಕ್ಕೆ ಹೊಡೆದಂತೆ ಹೇಳಿದ್ದ. ಬಡಗಿ ಉಳಿ, ಸುತ್ತಿಗೆಗಳನ್ನು ಚೀಲಕ್ಕೆ ತುಂಬುತ್ತಿದ್ದ.

ಅತ್ತ ಹಳೆಯ ಗರಗಸದ ಯಂತ್ರ ಬಿಚ್ಚುತ್ತಿದ್ದ ಮೆಕ್ಯಾನಿಕ್‌ಗೆ ಸಾಹುಕಾರ ಜಂಬದಿಂದ ಹೇಳಿದ: "ಇಪ್ಪತ್ತು ವರ್ಷದ ಹಿಂದೆ ನನ್ನ ತೋಳು ಇದಕ್ಕೆ ಸಿಕ್ಕಿ ಪ್ರಜ್ಞೆ ತಪ್ಪಿತ್ತು ಕಣಯ್ಯ. ನನ್ನ ಅದೃಷ್ಟ, ಬೆಲ್ಟು ತಾನಾಗೇ ಕಳಚ್ತು."

ಮೆಕ್ಯಾನಿಕ್ ನಕ್ಕ. "ಯಾರು ಹೇಳಿದ್ರು ಸಾಹುಕಾರ್ರೇ? ಇದು ತಾನಾಗಿ ಕಳಚೋ ಬೆಲ್ಟಲ್ಲ. ಓಡ್ತಿರೋವಾಗ್ಲೇ ಯಾರೋ ಕೈ ಹಾಕಿ ಎಳೆದಿರ್ಬೇಕು. ಎಳೆದೋನ ಬೆರಳು ಉಳಿಯಲ್ಲ."

ಸಾಹುಕಾರ ಬಡಗಿಯತ್ತ ತಿರುಗಿ ನೋಡಿದ. ಬೆಲ್ಟು ತಾನಾಗೇ ಕಳಚಿತು ಎಂದು ಹೇಳಿದ್ದವನು ಅವನೇ. ತಾನು ಆಸ್ಪತ್ರೆಯಿಂದ ಬಂದಾಗ ಅವನ ಕೈಗೆ ಪಟ್ಟಿಯಿತ್ತು. ಉಳಿ ಜಾರಿತು ಎಂದಿದ್ದ. ಕಣ್ಣು ಕಾಣಲ್ವಾ ಎಂದು ತಾನೇ ಬೈದಿದ್ದ.

ಸಾಹುಕಾರ ಬಡಗಿಯ ಬಳಿಗೆ ಹೋದ. "ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ಬೆರಳು ಚಿಗುರ್ತಿತ್ತೇನೋ? ದಾರಿ ಬಿಡು, ಬಸ್ಸಿಗೆ ಹೊತ್ತಾಯ್ತು."

ಸಾಹುಕಾರ ದಾರಿ ಬಿಡಲಿಲ್ಲ. ಚೀಲ ಕಿತ್ತುಕೊಂಡು ಒಂದೊಂದೇ ಉಳಿಯನ್ನು ಗೋಡೆಯ ಹಲಗೆಗೆ ಮತ್ತೆ ಸಿಕ್ಕಿಸತೊಡಗಿದ. ಯಾವುದು ಎಲ್ಲಿಗೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಉಳಿದ ಮೂರು ಬೆರಳಲ್ಲಿ ಬಡಗಿ ತೋರಿಸಿಕೊಟ್ಟ.